ತಿರುವಲ್ಲಿ ಕಾರು ವಾಲುತ್ತಾ? ದಪ್ಪ ಸ್ವೇ ಬಾರ್ ಹಾಕೋ ಮುಂಚೆ ಇದನ್ನ ಓದಿ

ಮೂಡಿಗೆರೆ: ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಕಾರು ಒಂದು ಕಡೆಗೆ ವಾಲುತ್ತೆ, ಹಿಂದೆ ಕೂತ ಹೆಂಗಸರು ಮಕ್ಕಳಿಗೆ ವಾಂತಿ ಬರುತ್ತೆ, ಸ್ಟೇರಿಂಗ್ ತಿರುಗಿಸಿದ ಮೇಲೆ ಗಾಡಿ ಸ್ವಲ್ಪ ತಡವಾಗಿ ತಿರುಗುತ್ತೆ. ನಮ್ಮ ಕಡೆ ಕಾರು ಇಟ್ಟುಕೊಂಡವರಲ್ಲಿ ಈ ಮಾತು ಹೇಳದವರು ಕಡಿಮೆ. ದೇವರಿಗೆ ಧರ್ಮಸ್ಥಳ, ಆಸ್ಪತ್ರೆಗೆ ಮಂಗಳೂರು ಅಂತ ವರ್ಷಪೂರ್ತಿ ಇದೇ ದಾರಿಯಲ್ಲಿ ಓಡಾಡೋರು ನಾವು.

ಇತ್ತೀಚೆಗೆ ಹುಡುಗರು ಮೊಬೈಲ್‌ನಲ್ಲಿ ವಿಡಿಯೋ ನೋಡಿ, ದಪ್ಪ ಸ್ವೇ ಬಾರ್ ತರಿಸಿ ಮನೆ ಅಂಗಳದಲ್ಲೇ ಹಾಕಿಬಿಡೋಣ ಅಂತ ಹೊರಡುತ್ತಿದ್ದಾರೆ. ಕೆಲಸ ಮನೆಯಲ್ಲಿ ಮಾಡುವಂಥದ್ದೇ. ಆದರೆ ಹತ್ತು ವರ್ಷ ಓಡಿದ ಕಾರು ತಿರುವಿನಲ್ಲಿ ಜಾಸ್ತಿ ವಾಲೋಕೆ ಶುರುವಾಗಿದೆ ಅಂದ್ರೆ ಬಹಳ ಸಲ ಬಾರ್ ಸಣ್ಣದಾಗಿದ್ದಕ್ಕಲ್ಲ, ಅದನ್ನು ಹಿಡಿದಿರೋ ರಬ್ಬರ್ ಬುಷ್ಷು, ಲಿಂಕ್ ರಾಡು, ಶಾಕ್ ಅಬ್ಸಾರ್ಬರ್ ಸವೆದಿರೋದಕ್ಕೆ. ಅದನ್ನು ಬಿಟ್ಟು ದಪ್ಪ ಬಾರ್ ಹಾಕಿದ್ರೆ ದುಡ್ಡೂ ಹೋಗುತ್ತೆ, ಮಳೆಗಾಲದ ಘಾಟಿಯಲ್ಲಿ ಜೀವಕ್ಕೂ ಅಪಾಯ. ಯಾವುದು ಏನು, ಯಾವುದನ್ನು ಮೊದಲು ನೋಡಬೇಕು, ಮನೆಯಲ್ಲಿ ಎಷ್ಟು ಮಾಡಬಹುದು ಅನ್ನೋ ವಿವರ ಇಲ್ಲಿದೆ.

ಸ್ವೇ ಬಾರ್ ಅಂದ್ರೆ ಏನು?

ಕಾರಿನ ಎಡ ಚಕ್ರ ಮತ್ತು ಬಲ ಚಕ್ರದ ಸಸ್ಪೆನ್ಷನ್ ನಡುವೆ ಅಡ್ಡ ಹೋಗಿರೋ, ಎರಡೂ ತುದಿ ಬಾಗಿಸಿದ ಸ್ಪ್ರಿಂಗ್ ಸ್ಟೀಲಿನ ಸರಳು ಇದು. ಮೇಲಿಂದ ನೋಡಿದ್ರೆ ಅಗಲವಾದ ಇಂಗ್ಲಿಷ್ ಯು ಅಕ್ಷರದ ಆಕಾರ. ಪುಸ್ತಕದಲ್ಲಿ ಇದಕ್ಕೆ ಆಂಟಿ ರೋಲ್ ಬಾರ್, ಸ್ಟೆಬಿಲೈಸರ್ ಬಾರ್ ಅಂತಲೂ ಹೆಸರಿದೆ. ಗ್ಯಾರೇಜಿನಲ್ಲಿ ಬ್ಯಾಲೆನ್ಸ್ ರಾಡ್ ಅಂತಲೂ ಕರೀತಾರೆ. ಇದಕ್ಕೆ ಮೊದಲ ಪೇಟೆಂಟ್ 1919ರಲ್ಲಿ ಕೆನಡಾದ ಸ್ಟೀಫನ್ ಕೋಲ್‌ಮನ್ ಅನ್ನುವವರಿಗೆ ಸಿಕ್ಕಿತು.

ಬಾರ್‌ನ ಮಧ್ಯಭಾಗವನ್ನು ಕಾರಿನ ತಳಕ್ಕೆ ಎರಡು ಕ್ಲ್ಯಾಂಪ್ ಹಾಕಿ ಹಿಡಿಸಿರುತ್ತಾರೆ. ಕ್ಲ್ಯಾಂಪ್ ಒಳಗೆ ರಬ್ಬರ್ ಬುಷ್ ಇರುತ್ತೆ. ಎರಡು ತುದಿಗಳನ್ನು ಚಿಕ್ಕ ಲಿಂಕ್ ರಾಡ್ ಮೂಲಕ ಸ್ಟ್ರಟ್‌ಗೋ ಲೋವರ್ ಆರ್ಮ್‌ಗೋ ಜೋಡಿಸಿರುತ್ತಾರೆ. ಲಿಂಕ್ ರಾಡ್‌ನ ಎರಡೂ ಕಡೆ ಚಿಕ್ಕ ಬಾಲ್ ಜಾಯಿಂಟ್, ಅದರ ಮೇಲೆ ರಬ್ಬರ್ ಟೋಪಿ. ಅಂದ್ರೆ ಒಂದು ಬಾರ್, ಎರಡು ಬುಷ್, ಎರಡು ಲಿಂಕ್. ಇಷ್ಟೇ.

ಒಂದು ಗೊಂದಲ ಬೇಡ. ಹೊಸ ಕಾರುಗಳ ಜಾಹೀರಾತಿನಲ್ಲಿ ಬರೋ ಸ್ಟೆಬಿಲಿಟಿ ಕಂಟ್ರೋಲ್ ಬೇರೆ. ಅದು ಕಂಪ್ಯೂಟರ್ ಮೂಲಕ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ. ಸ್ಟೆಬಿಲೈಸರ್ ಬಾರ್ ಬರೀ ಕಬ್ಬಿಣದ ಸರಳು, ಅದಕ್ಕೆ ವೈರೂ ಇಲ್ಲ, ಸೆನ್ಸರೂ ಇಲ್ಲ.

ಹೇಗೆ ಕೆಲಸ ಮಾಡುತ್ತೆ?

ಪೂರ್ತಿ ರಸ್ತೆಗೆ ಅಡ್ಡ ಇರೋ ಹಂಪ್ ದಾಟುವಾಗ ಎರಡೂ ಚಕ್ರ ಒಟ್ಟಿಗೆ ಮೇಲೇಳುತ್ತವೆ. ಆಗ ಬಾರ್ ತನ್ನ ಬುಷ್ ಒಳಗೆ ಸುಮ್ಮನೆ ತಿರುಗುತ್ತೆ, ಅದಕ್ಕೆ ಕೆಲಸವೇ ಇಲ್ಲ.

ತಿರುವಿನಲ್ಲಿ ಹಾಗಲ್ಲ. ಕಾರು ಎಡಕ್ಕೆ ತಿರುಗಿದ್ರೆ ಬಾಡಿ ಬಲಕ್ಕೆ ವಾಲುತ್ತೆ. ಬಲಗಡೆಯ ಸ್ಪ್ರಿಂಗ್ ಕುಗ್ಗುತ್ತೆ, ಎಡಗಡೆಯದು ಹಿಗ್ಗುತ್ತೆ. ಬಾರ್‌ನ ಒಂದು ತುದಿ ಮೇಲೆ, ಇನ್ನೊಂದು ತುದಿ ಕೆಳಗೆ ಹೋಗಿ ಬಾರ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತೆ. ಸ್ಟೀಲು ತಿರುಚೋಕೆ ಒಪ್ಪದೆ ವಾಪಸ್ ತಳ್ಳುತ್ತೆ. ಆ ತಳ್ಳುವಿಕೆಯೇ ಕಾರಿನ ವಾಲಿಕೆಯನ್ನು ಕಡಿಮೆ ಮಾಡೋದು.

ಬುಷ್ ಸವೆದು ಸಡಿಲ ಆಗಿದ್ರೆ, ಲಿಂಕ್ ಜಾಯಿಂಟ್ ಲೊಡಲೊಡ ಅಂತಿದ್ರೆ, ಬಾರ್ ತಿರುಚಿಕೊಳ್ಳೋ ಮುಂಚೆ ಅಷ್ಟು ಜಾಗ ಸುಮ್ಮನೆ ಅಲ್ಲಾಡುತ್ತೆ. ಕಾರು ಮೊದಲು ವಾಲಿ ಆಮೇಲೆ ಹಿಡಿತಕ್ಕೆ ಬರುತ್ತೆ. ಡ್ರೈವರ್‌ಗೆ ಅದು 'ಗಾಡಿ ತಡವಾಗಿ ತಿರುಗುತ್ತೆ' ಅಂತ ಗೊತ್ತಾಗೋದು. ಲಿಂಕ್ ಪೂರ್ತಿ ಮುರಿದು ಹೋಗಿದ್ರೆ ಬಾರ್ ಇದ್ದೂ ಇಲ್ಲದ ಹಾಗೆ.

ಹಿಂದಿನ ಚಕ್ರಕ್ಕೂ ಬಾರ್ ಇರುತ್ತಾ ಅಂದ್ರೆ, ನಮ್ಮಲ್ಲಿ ಓಡೋ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಟಾರ್ಷನ್ ಬೀಮ್ ಇರುತ್ತೆ. ಎರಡು ಚಕ್ರವನ್ನು ಸೇರಿಸಿರೋ ಆ ಅಡ್ಡ ತೊಲೆಯೇ ತಿರುಚಿಕೊಂಡು ಸ್ವೇ ಬಾರ್ ಕೆಲಸವನ್ನೂ ಮಾಡುತ್ತೆ. ಹಾಗಾಗಿ ಬೇರೆ ಬಾರ್ ಕಾಣಲಿಲ್ಲ ಅಂತ ಕಂಪನಿಯವರು ಉಳಿಸಿದ್ದಾರೆ ಅಂದುಕೊಳ್ಳಬೇಡಿ.

ದಪ್ಪ ಮಾಡಿದ್ರೆ ಎಷ್ಟು ವ್ಯತ್ಯಾಸ?

ಎರಡು ಮಿಲಿಮೀಟರ್ ದಪ್ಪ ಆದ್ರೆ ಏನಾಗುತ್ತೆ ಬಿಡಿ ಅಂತ ಅನಿಸಬಹುದು. ಆದರೆ ಬಾರ್‌ನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ. ಅಂದ್ರೆ ವ್ಯಾಸವನ್ನು ನಾಲ್ಕು ಸಲ ಗುಣಿಸಿದ ಲೆಕ್ಕ.

20 ಮಿ.ಮೀ. ಬಾರ್ ತೆಗೆದು 22 ಮಿ.ಮೀ. ಹಾಕಿದ್ರೆ ದಪ್ಪ ಏರಿದ್ದು ಶೇ 10, ಬಿಗಿ ಏರಿದ್ದು ಸುಮಾರು ಶೇ 46.
20ರಿಂದ 24 ಮಿ.ಮೀ.ಗೆ ಹೋದ್ರೆ ಬಿಗಿ ಎರಡು ಪಟ್ಟು ದಾಟುತ್ತೆ.

ಕೆಲವು ಬಾರ್ ಒಳಗೆ ಟೊಳ್ಳು ಇರುತ್ತೆ. ಅದು ಮೋಸ ಅಲ್ಲ. 22 ಮಿ.ಮೀ. ಬಾರ್ ಒಳಗೆ 14 ಮಿ.ಮೀ. ತೂತಿದ್ರೆ ತೂಕ ಸುಮಾರು ಶೇ 40 ಕಡಿಮೆ ಆಗುತ್ತೆ, ಬಿಗಿ ಕಡಿಮೆ ಆಗೋದು ಸುಮಾರು ಶೇ 16 ಮಾತ್ರ. ತಿರುಚುವ ಒತ್ತಡವನ್ನು ಹೆಚ್ಚಾಗಿ ತಡೆಯೋದು ಹೊರಗಿನ ಪದರ, ಅದಕ್ಕೆ.

ಬಾರ್‌ನ ಬಾಗಿದ ತೋಳಿನ ಉದ್ದವೂ ಲೆಕ್ಕಕ್ಕೆ ಬರುತ್ತೆ. ತೋಳು ಗಿಡ್ಡ ಆದಷ್ಟೂ ಬಿಗಿ ಹೆಚ್ಚು. ತುದಿಯಲ್ಲಿ ಎರಡು ಮೂರು ತೂತು ಇರೋ ಬಾರ್ ಸಿಕ್ಕಿದ್ರೆ, ಒಳಗಿನ ತೂತಿಗೆ ಲಿಂಕ್ ಹಾಕಿದಾಗ ಬಿಗಿ, ತುದಿಯ ತೂತಿಗೆ ಹಾಕಿದಾಗ ಮೆತ್ತಗೆ ಅಂತ ತಿಳಿಯಿರಿ.

ವಾಲೋದು ಕಡಿಮೆ ಆದ್ರೆ ಹಿಡಿತ ಜಾಸ್ತಿ ಅಂತಲ್ಲ

ಜನ ಎಡವೋದು ಇಲ್ಲೇ. ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಒಟ್ಟು ಎಷ್ಟು ಭಾರ ಹೋಗಬೇಕೋ ಅಷ್ಟು ಹೋಗೇ ಹೋಗುತ್ತೆ. ಅದನ್ನು ನಿರ್ಧರಿಸೋದು ವೇಗ, ಕಾರಿನ ಎತ್ತರ, ಅಗಲ. ಬಾರ್ ಮಾಡೋದು ಆ ಭಾರದ ಬದಲಾವಣೆ ಮುಂದಿನ ಚಕ್ರಗಳಲ್ಲಿ ಎಷ್ಟು, ಹಿಂದಿನ ಚಕ್ರಗಳಲ್ಲಿ ಎಷ್ಟು ಅನ್ನೋ ಪಾಲು ಮಾತ್ರ.

ಮುಂದಿನ ಬಾರ್ ದಪ್ಪ ಮಾಡಿದ್ರೆ ಮುಂದಿನ ಟೈರುಗಳ ಹಿಡಿತ ಬೇಗ ಮುಗಿಯುತ್ತೆ. ಸ್ಟೇರಿಂಗ್ ತಿರುಗಿಸಿದ್ರೂ ಕಾರು ನೇರ ಹೊರಗಡೆಗೆ ಎಳೆಯುತ್ತೆ. ಇದಕ್ಕೆ ಅಂಡರ್‌ಸ್ಟೀರ್ ಅಂತಾರೆ.

ಹಿಂದಿನ ಬಾರ್ ದಪ್ಪ ಮಾಡಿದ್ರೆ ಹಿಂದಿನ ಟೈರುಗಳ ಹಿಡಿತ ಮೊದಲು ಮುಗಿಯುತ್ತೆ. ಕಾರಿನ ಹಿಂಭಾಗ ಜಾರಿ ಗಾಡಿ ಅಡ್ಡ ತಿರುಗುತ್ತೆ. ಇದು ಓವರ್‌ಸ್ಟೀರ್.

ಮುಂದಿನ ಚಕ್ರ ಎಳೆಯೋ ಕಾರುಗಳನ್ನು ಕಂಪನಿಯವರು ಬೇಕಂತಲೇ ಸ್ವಲ್ಪ ಅಂಡರ್‌ಸ್ಟೀರ್ ಕಡೆಗೆ ಇಟ್ಟಿರುತ್ತಾರೆ. ಮುಂಭಾಗ ಜಾರಿದ್ರೆ ಸಾಮಾನ್ಯ ಮನುಷ್ಯ ಆಕ್ಸಿಲರೇಟರ್ ಬಿಡ್ತಾನೆ, ವೇಗ ಇಳಿದು ಗಾಡಿ ಮತ್ತೆ ಹಿಡಿತಕ್ಕೆ ಬರುತ್ತೆ. ಹಿಂಭಾಗ ಜಾರಿದ್ರೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಜಾರುತ್ತೆ. ರೇಸ್ ಟ್ರ್ಯಾಕಿನಲ್ಲಿ ಒಣ ರಸ್ತೆ, ಪಕ್ಕದಲ್ಲಿ ಖಾಲಿ ಜಾಗ ಇರುತ್ತೆ, ಅಲ್ಲಿ ಹಿಂದೆ ದಪ್ಪ ಬಾರ್ ಹಾಕಿ ಚುರುಕಾಗಿ ತಿರುಗಿಸೋದು ಸರಿ. ಜುಲೈ ತಿಂಗಳ ಚಾರ್ಮಾಡಿಯಲ್ಲಿ ಮಂಜು, ರಸ್ತೆ ಮೇಲೆ ಹರಿಯೋ ನೀರು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಅಲ್ಲಿ ಹಿಂಭಾಗ ಜಾರಿದ್ರೆ ಸರಿಮಾಡಿಕೊಳ್ಳೋಕೆ ಜಾಗವೇ ಇಲ್ಲ.

ಇನ್ನೊಂದು ತೊಂದರೆ ನಮ್ಮ ಎಸ್ಟೇಟ್ ರಸ್ತೆಗಳದ್ದು. ಒಂದು ಚಕ್ರ ಗುಂಡಿಗೆ ಇಳಿದಾಗ ದಪ್ಪ ಬಾರ್ ಆ ಚಕ್ರವನ್ನು ಇಳಿಯೋಕೆ ಬಿಡಲ್ಲ, ಮೇಲಕ್ಕೆ ಎಳೆದು ಹಿಡಿಯುತ್ತೆ. ಚಕ್ರ ನೆಲಕ್ಕೆ ಸರಿಯಾಗಿ ಒತ್ತದೆ ಕೆಸರಿನಲ್ಲಿ ಸುಮ್ಮನೆ ತಿರುಗುತ್ತೆ. ಒಂದು ಕಡೆಯ ಗುಂಡಿಯ ಏಟು ಇನ್ನೊಂದು ಕಡೆಗೂ ದಾಟಿ ಇಡೀ ಕಾರು ಪಕ್ಕಕ್ಕೆ ಪಕ್ಕಕ್ಕೆ ಕುಲುಕುತ್ತೆ. ಅಂಗಡಿ ಸಾಮಾನು, ಮೊಟ್ಟೆ ಟ್ರೇ ತರೋರಿಗೆ ಇದು ಲಾಭದ ವಿಷಯ ಅಲ್ಲ.

ಮೊದಲು ಈ ಐದು ಪರೀಕ್ಷೆ ಮಾಡಿ

ನಮ್ಮ ಚಿಕ್ಕಪ್ಪನ ಹಳೇ ಕಾರಿನಲ್ಲಿ ಮುಂದೆ ಎಡಗಡೆ ಕಟಕಟ ಅಂತ ಶಬ್ದ ಬರ್ತಿತ್ತು, ತಿರುವಲ್ಲಿ ವಾಲೋದೂ ಜಾಸ್ತಿಯಾಗಿತ್ತು. ಒಂದು ಕಡೆ ತೋರಿಸಿದ್ದಕ್ಕೆ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕು ಅಂದ್ರು, ಬದಲಾಯಿಸಿದ್ದೂ ಆಯ್ತು. ಶಬ್ದ ಹೋಗಲಿಲ್ಲ. ಆಮೇಲೆ ನೋಡಿದ್ರೆ ಲಿಂಕ್ ರಾಡ್ ಜಾಯಿಂಟ್ ಕೈಯಲ್ಲೇ ಅಲ್ಲಾಡ್ತಿತ್ತು. ನೂರುಗಳ ಲೆಕ್ಕದಲ್ಲಿ ಮುಗಿಯೋ ಕೆಲಸಕ್ಕೆ ಸಾವಿರಗಳು ಹೋಗಿದ್ದವು. ಅದಕ್ಕೇ ಗ್ಯಾರೇಜಿಗೆ ಹೋಗೋ ಮುಂಚೆ ನೀವೇ ಇಷ್ಟು ನೋಡಿಕೊಳ್ಳಿ.

1. ಟೈರ್: ಬೆಳಿಗ್ಗೆ ಗಾಡಿ ಓಡಿಸೋ ಮುಂಚೆ ಗಾಳಿ ಅಳೆಯಿರಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲೋ ಮ್ಯಾನುವಲ್‌ನಲ್ಲೋ ಇರುತ್ತೆ. ಗಾಳಿ ಕಡಿಮೆ ಇದ್ರೂ ಕಾರು ವಾಲಿದ ಹಾಗೇ ಅನಿಸುತ್ತೆ. ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆ ಆಗಿದ್ರೆ ಕಾನೂನಿನ ಪ್ರಕಾರವೂ ಅದು ರಸ್ತೆಗೆ ಇಳಿಯುವಂತಿಲ್ಲ.

2. ಶಬ್ದ: ನಿಧಾನಕ್ಕೆ, 10 ರಿಂದ 20 ಕಿ.ಮೀ. ವೇಗದಲ್ಲಿ ಒಂದೇ ಕಡೆಯ ಚಕ್ರ ಗುಂಡಿಗೆ ಅಥವಾ ಹಂಪ್‌ಗೆ ಹೋಗುವಂತೆ ಓಡಿಸಿ. ಎರಡೂ ಚಕ್ರ ಒಟ್ಟಿಗೆ ಹಂಪ್ ದಾಟಿದಾಗ ಶಬ್ದ ಅಷ್ಟಾಗಿ ಇಲ್ಲದೆ, ಒಂದೇ ಚಕ್ರ ದಾಟಿದಾಗ ಕಟಕಟ ಅಂದ್ರೆ ಲಿಂಕ್ ರಾಡ್ ಅಥವಾ ಬಾರ್ ಬುಷ್ ಮೇಲೆ ಅನುಮಾನ ಪಡಿ.

3. ಲಿಂಕ್ ರಾಡ್: ಗಾಡಿ ನಿಂತಿರುವಾಗ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಎಂಜಿನ್ ಆಫ್ ಮಾಡಿ ಚಕ್ರದ ಹಿಂದೆ ಟಾರ್ಚ್ ಬಿಡಿ. ಲಿಂಕ್ ರಬ್ಬರ್ ಟೋಪಿ ಹರಿದಿದೆಯಾ, ಗ್ರೀಸ್ ಹೊರಗೆ ಬಂದಿದೆಯಾ ನೋಡಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಅಂದ್ರೆ ಅದು ಮುಗಿದಿದೆ.

4. ಶಾಕ್ ಅಬ್ಸಾರ್ಬರ್: ಕಾರಿನ ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಂದು ಸಲ ಎದ್ದು ನಿಂತರೆ ಸರಿ. ಎರಡು ಮೂರು ಸಲ ತೂಗಾಡಿದ್ರೆ, ಅಥವಾ ಶಾಕ್ ಮೇಲೆ ಎಣ್ಣೆ ಇಳಿದಿದ್ರೆ ಅದನ್ನೇ ಮೊದಲು ಮಾಡಿಸಿ.

5. ಬುಷ್: ಕ್ಲ್ಯಾಂಪ್ ಒಳಗಿನ ರಬ್ಬರ್ ಬಿರುಕು ಬಿಟ್ಟಿದೆಯಾ, ಬಾರ್ ಮತ್ತು ರಬ್ಬರ್ ನಡುವೆ ಸಂದಿ ಕಾಣುತ್ತಾ ನೋಡಿ. ಕಿರ್‌ಕಿರ್ ಶಬ್ದ ನಿಲ್ಲಿಸೋಕೆ ಹಳೇ ಎಂಜಿನ್ ಆಯಿಲ್ ಹಚ್ಚೋ ಅಭ್ಯಾಸ ಬಿಡಿ. ಆಯಿಲ್ ತಾಗಿದ ರಬ್ಬರ್ ಊದಿಕೊಂಡು ಬೇಗ ಹಾಳಾಗುತ್ತೆ.

ಮನೆಯಲ್ಲಿ ಮಾಡೋದಾದ್ರೆ

ಬುಷ್, ಲಿಂಕ್ ಬದಲಾಯಿಸೋದು, ಹೊಸ ಬಾರ್ ಹಾಕೋದು ಎರಡಕ್ಕೂ ಮೊದಲ ಹೆಜ್ಜೆಗಳು ಒಂದೇ. ಎಲ್ಲಕ್ಕಿಂತ ಮೊದಲು ಒಂದು ಮಾತು: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಕಾರಿನ ಜೊತೆ ಬರೋ ಜಾಕ್ ಟೈರ್ ಬದಲಾಯಿಸೋಕೆ ಮಾತ್ರ. ಇಟ್ಟಿಗೆ, ಸಿಮೆಂಟಿನ ಟೊಳ್ಳು ಬ್ಲಾಕ್ ಇಡಲೇಬೇಡಿ, ಅವು ಸುಳಿವು ಕೊಡದೆ ಒಡೆಯುತ್ತವೆ. ಎರಡು ಒಳ್ಳೆ ಜಾಕ್ ಸ್ಟ್ಯಾಂಡ್ ಇಲ್ಲ ಅಂದ್ರೆ ಈ ಕೆಲಸ ಗ್ಯಾರೇಜಿಗೆ ಬಿಡಿ.

ಬೇಕಾದ ಸಾಮಾನು: ಜಾಕ್, ಎರಡು ಸ್ಟ್ಯಾಂಡ್, ಚಕ್ರಕ್ಕೆ ಒತ್ತು ಕೊಡೋಕೆ ಮರದ ತುಂಡು, ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಅಲೆನ್ ಕೀ, ವೈರ್ ಬ್ರಷ್, ತುಕ್ಕು ಬಿಡಿಸೋ ಸ್ಪ್ರೇ, ಟಾರ್ಕ್ ರೆಂಚ್, ಅಳತೆಗೆ ವರ್ನಿಯರ್.

ಗಾಡಿಯನ್ನು ಗಟ್ಟಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಕಾಫಿ ಕಣ ಇದ್ರೆ ಅನುಕೂಲ, ಮಣ್ಣಿನ ಅಂಗಳ ಬೇಡ. ಮುಂಭಾಗ ಎತ್ತೋದಾದ್ರೆ ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಿಂಭಾಗ ಎತ್ತಿದಾಗ ಹ್ಯಾಂಡ್‌ಬ್ರೇಕ್ ನೆಚ್ಚಿಕೊಳ್ಳಬೇಡಿ, ಅದು ಹಿಡಿಯೋದು ಹಿಂದಿನ ಚಕ್ರವನ್ನೇ. ಆಗ ಗೇರಿನಲ್ಲಿಟ್ಟು ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಒತ್ತು ಕೊಡಿ.

ಎರಡೂ ಕಡೆ ಸಮನಾಗಿ ಎತ್ತಿ. ಒಂದೇ ಕಡೆ ಎತ್ತಿದ್ರೆ ಬಾರ್ ತಿರುಚಿಕೊಂಡು ನಿಂತಿರುತ್ತೆ. ನಟ್ ಬಿಚ್ಚಿದ ತಕ್ಷಣ ಸಿಡಿದು ಕೈಗೆ ಬಡಿಯುತ್ತೆ. ಎರಡೂ ಚಕ್ರ ಒಂದೇ ಎತ್ತರದಲ್ಲಿ ನೇತಾಡ್ತಿದ್ರೆ ಬಾರ್ ಮೇಲೆ ಒತ್ತಡ ಇರಲ್ಲ.

ಚಕ್ರ ಬಿಚ್ಚಿ, ಲಿಂಕ್ ನಟ್‌ಗಳ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ಸ್ಪ್ರೇ ಹೊಡೆದು ಹತ್ತು ಹದಿನೈದು ನಿಮಿಷ ಬಿಡಿ. ನಟ್ ಜೊತೆ ಜಾಯಿಂಟ್ ಬೋಲ್ಟೂ ತಿರುಗಿದ್ರೆ ಬೋಲ್ಟ್ ತುದಿಗೆ ಅಲೆನ್ ಕೀ ಹಾಕಿ ಹಿಡಿದು ನಟ್ ಬಿಚ್ಚಿ. ಅಲ್ಲೇ ಹತ್ತಿರದಲ್ಲಿ ಬ್ರೇಕ್ ಹೋಸ್, ಎಬಿಎಸ್ ವೈರ್ ಇರುತ್ತೆ, ಅವನ್ನು ಎಳೆಯಬೇಡಿ.

ಆಮೇಲೆ ಕ್ಲ್ಯಾಂಪ್ ಬೋಲ್ಟ್ ಬಿಚ್ಚಿ ಹಳೇ ಬುಷ್ ತೆಗೆಯಿರಿ. ಅದರ ಸೀಳು ಯಾವ ಕಡೆ ಇತ್ತು ಅಂತ ಬಿಚ್ಚೋ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ, ಹೊಸದನ್ನೂ ಹಾಗೇ ಹಾಕಿ. ಬಾರ್ ಮೇಲಿನ ತುಕ್ಕು ಉಜ್ಜಿ, ಬುಷ್ ಕೂರೋ ಜಾಗದ ವ್ಯಾಸ ಅಳೆಯಿರಿ. ಬುಷ್ಷಿನ ಅಳತೆ ಅದಕ್ಕೆ ಸರಿಯಾಗಿರಬೇಕು. ಒಂದೇ ಮಾಡೆಲ್‌ನಲ್ಲಿ ವರ್ಷಕ್ಕೆ, ಎಂಜಿನ್‌ಗೆ ತಕ್ಕಂತೆ ಬಾರ್ ಅಳತೆ ಬೇರೆ ಇರಬಹುದು, ಆದ್ದರಿಂದ ಅಂಗಡಿಯಲ್ಲಿ ಪಾರ್ಟ್ ನಂಬರ್ ಕೊಟ್ಟೇ ಕೇಳಿ.

ರಬ್ಬರ್ ಬುಷ್‌ಗೆ ಸೋಪಿನ ನೀರು ಸಾಕು. ಪಾಲಿಯುರೆಥೇನ್ ಬುಷ್ ರಬ್ಬರಿಗಿಂತ ಗಟ್ಟಿ, ತಿರುವಲ್ಲಿ ಹಿಡಿತ ಚೆನ್ನಾಗಿರುತ್ತೆ, ಆದರೆ ಅದರ ಜೊತೆ ಬರೋ ಸಿಲಿಕೋನ್ ಗ್ರೀಸ್ ಹಚ್ಚದಿದ್ರೆ ಕಿರುಗುಟ್ಟುತ್ತೆ. ಬುಷ್ ಆಗಲಿ ಲಿಂಕ್ ಆಗಲಿ ಜೋಡಿಯಾಗಿಯೇ ಬದಲಾಯಿಸಿ.

ಎಲ್ಲಾ ಬೋಲ್ಟ್ ಕೈಯಲ್ಲಿ ಹಿಡಿಸಿ, ಕಾರು ತನ್ನ ಚಕ್ರದ ಮೇಲೆ ನಿಂತ ಮೇಲೆ ಅಥವಾ ರ‍್ಯಾಂಪ್ ಮೇಲೆ ಕೊನೆಯ ಬಿಗಿ ಕೊಡಿ. ಎಷ್ಟು ಬಿಗಿ ಅಂತ ಕಂಪನಿಯ ಸರ್ವಿಸ್ ಮ್ಯಾನುವಲ್ ಹೇಳುತ್ತೆ, ಅಂದಾಜಿನಲ್ಲಿ ಬೇಡ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಂದು ಸಲ ಬಿಗಿ ನೋಡಿ. ಮೊದಲ ಓಟ ಊರೊಳಗೆ ನಿಧಾನಕ್ಕೆ ಇರಲಿ, ಘಾಟಿಯಲ್ಲಿ ಅಲ್ಲ.

ಒಂದು ಎಚ್ಚರಿಕೆ: ಮಾರುತಿ 800ನಂಥ ಹಳೇ ಸಣ್ಣ ಕಾರುಗಳಲ್ಲಿ ಈ ಬಾರ್ ಬರೀ ವಾಲೋದನ್ನು ತಡೆಯೋದಲ್ಲ, ಲೋವರ್ ಆರ್ಮ್ ಹಿಂದೆ ಮುಂದೆ ಹೋಗದ ಹಾಗೆ ಹಿಡಿದಿರೋದೂ ಅದೇ. ಅದನ್ನು ಬಿಚ್ಚಿದ್ರೆ ಚಕ್ರದ ಜಾಗವೇ ಬದಲಾಗುತ್ತೆ. ಆ ಕೆಲಸ ಗೊತ್ತಿರೋ ಮೆಕ್ಯಾನಿಕ್ ಕೈಯಲ್ಲೇ ಆಗಲಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಕಾನೂನು ಏನು ಹೇಳುತ್ತೆ?

ಕಂಪನಿ ಅಳತೆಯದೇ ಬುಷ್, ಲಿಂಕ್, ಬಾರ್ ಹಾಕಿದ್ರೆ ಅದು ರಿಪೇರಿ. ಯಾರೂ ಕೇಳಲ್ಲ. ಅಳತೆ ಬದಲಾಯಿಸಿದ್ರೆ ವಿಷಯ ಬೇರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್, ಕಂಪನಿ ಮೊದಲು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸಬಾರದು ಅನ್ನುತ್ತೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ರೀತಿಯಲ್ಲಿ ಬಿಡಿಭಾಗ ಹಾಕಿ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಪ್ಪ ಬಾರ್ ಹಾಕಲೇಬೇಕು ಅನ್ನೋರು ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ತಿಳಿಸದೆ ಹಾಕಿ ಅಪಘಾತ ಆದ್ರೆ ಕ್ಲೇಮ್ ವೇಳೆ ತಕರಾರು ಬರಬಹುದು. ಸ್ಟೆಬಿಲಿಟಿ ಕಂಟ್ರೋಲ್ ಇರೋ ಕಾರಿನವರು ಇನ್ನೂ ಯೋಚಿಸಬೇಕು. ಆ ಕಂಪ್ಯೂಟರಿಗೆ ಕಂಪನಿ ಕೊಟ್ಟ ಲೆಕ್ಕ ಹಳೇ ಬಾರ್‌ನದ್ದು.

ಕೊನೆಗೆ, ಯಾರಿಗೆ ಏನು?

ದಿನಾ ಅಂಗಡಿ, ಮನೆ, ತಿಂಗಳಿಗೊಮ್ಮೆ ಘಾಟಿ ಅನ್ನೋರಿಗೆ: ಟೈರ್ ಗಾಳಿ, ಕಂಪನಿ ಅಳತೆಯ ಹೊಸ ಬುಷ್, ಹೊಸ ಲಿಂಕ್. ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತೆ.

ಬಾಡಿಗೆ ಓಡಿಸೋರಿಗೆ, ತುಂಬಾ ಓಡಿದ ಗಾಡಿಯವರಿಗೆ: ಇದರ ಜೊತೆ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ತೋರಿಸಿ, ಅಲೈನ್‌ಮೆಂಟ್ ಮಾಡಿಸಿ.

ಮೇಲೆ ಕ್ಯಾರಿಯರ್ ಹಾಕಿ ಸಾಮಾನು ಹೇರೋರಿಗೆ: ಭಾರ ಮೇಲೆ ಹೋದಷ್ಟೂ ವಾಲೋದು ಜಾಸ್ತಿ. ಭಾರದ ಮೂಟೆ ಕೆಳಗೆ ಡಿಕ್ಕಿಯಲ್ಲಿಡಿ, ಹಗುರದ್ದು ಮೇಲಿಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಜೂನ್ ಮಳೆ ಹಿಡಿಯೋ ಮುಂಚೆ, ಮೇ ತಿಂಗಳಲ್ಲೇ ಒಂದು ಭಾನುವಾರ ಬೆಳಿಗ್ಗೆ ಆ ಐದು ಪರೀಕ್ಷೆ ಮುಗಿಸಿಬಿಡಿ. ಅರ್ಧ ಗಂಟೆಯ ಕೆಲಸ. ಘಾಟಿಯಲ್ಲಿ ಮಾತ್ರ ಬಾರ್ ಎಷ್ಟೇ ದಪ್ಪ ಇರಲಿ, ತಿರುವಿಗೆ ಹೋಗೋ ಮುಂಚೆಯೇ ವೇಗ ಇಳಿಸಿ ಕೆಳಗಿನ ಗೇರಿಗೆ ಬನ್ನಿ.